ಸುಡುತ್ತಿರುವುದು ಕಾಲೋ, ಎಂಜಿನ್ನೋ?

ಬೇಸಿಗೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಬೈಕಿನ ಬಿಸಿಯದ್ದೇ ಮಾತು. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಸರ್, ನನ್ನದು 400 ಸಿಸಿ ಹತ್ತಿರದ ಲಿಕ್ವಿಡ್ ಕೂಲ್ಡ್ ಟೂರಿಂಗ್ ಬೈಕ್. ತಗೊಂಡು ಇನ್ನೂ ವರ್ಷ ಆಗಿಲ್ಲ. ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಊರೊಳಗೆ ಬಂದು ಸಂಜೆ ಹೊತ್ತು ಗೋಪಿ ಸರ್ಕಲ್‌ನಲ್ಲಿ ನಿಂತರೆ ಮಾತ್ರ ಫ್ಯಾನ್ ಜೋರಾಗಿ ತಿರುಗುತ್ತೆ, ಬಲಗಾಲಿನ ಮೀನಖಂಡ ಸುಟ್ಟೇ ಹೋಗುತ್ತೇನೋ ಅನ್ನಿಸುತ್ತೆ. ಸರ್ವಿಸ್ ಸೆಂಟರ್‌ನವರು ನಾರ್ಮಲ್ ಅಂದು ಕಳಿಸಿದರು. ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪಿಗೆ ಬಿಸಿ ತಡೆಯುವ ಪಟ್ಟಿ (ಹೀಟ್ ವ್ರ್ಯಾಪ್) ಸುತ್ತಿಸು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿಬಿಡು ಅಂತ ಗೆಳೆಯರು ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗ, ವಿನೋಬನಗರ, ಶಿವಮೊಗ್ಗ

ಉತ್ತರ: ವ್ರ್ಯಾಪ್ ಬೇಡ. ಕನ್ವರ್ಟರ್ ತೆಗೆಸುವುದಂತೂ ಬೇಡವೇ ಬೇಡ. ಯಾಕೆ ಅಂತ ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ಒಂದು ವಿಷಯ ನೀವೇ ನೋಡಿ ತಿಳಿದುಕೊಳ್ಳಬೇಕು.

ಕಾಲಿಗೆ ಬಿಸಿ ತಾಗುವುದು ಬೇರೆ, ಎಂಜಿನ್ ಅತಿಯಾಗಿ ಕಾಯುವುದು ಬೇರೆ. ಇವೆರಡನ್ನೂ ಒಂದೇ ಅಂದುಕೊಂಡು ಜನ ಸುಮ್ನೆ ದುಡ್ಡು ಕಳೆಯುತ್ತಾರೆ. ಒಂದು ಬೆಳಿಗ್ಗೆ ಆಯನೂರು ದಾಟಿ ಆನಂದಪುರದ ಕಡೆಗೆ ಒಂದೇ ಸ್ಪೀಡಿನಲ್ಲಿ ಓಡಿಸಿ, ಮೀಟರಿನಲ್ಲಿ ಟೆಂಪರೇಚರ್ ಎಷ್ಟು ಗೆರೆ ತೋರಿಸುತ್ತದೆ ನೋಡಿಕೊಳ್ಳಿ. ಅದು ನಿಮ್ಮ ಬೈಕಿನ ಮಾಮೂಲಿ ಮಟ್ಟ. ಆಮೇಲೆ ಊರೊಳಗಿನ ಸಿಗ್ನಲ್‌ನಲ್ಲಿ ನೋಡಿ. ಗೆರೆ ಮೇಲೇರಿ, ಫ್ಯಾನ್ ಆನ್ ಆಗಿ, ಸ್ವಲ್ಪ ಹೊತ್ತಿಗೆ ಒಂದು ಗೆರೆ ಕೆಳಗಿಳಿದರೆ ಎಂಜಿನ್ ಆರೋಗ್ಯವಾಗಿದೆ. ಹೆಚ್ಚಿನ ಬೈಕ್‌ಗಳಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) 100 ಡಿಗ್ರಿ ಆಸುಪಾಸು ಬಂದಾಗಲೇ ಫ್ಯಾನ್ ತಿರುಗುವುದು. ಒತ್ತಡ ಹಿಡಿದಿಡುವ ಮುಚ್ಚಳ (ಪ್ರೆಷರ್ ಕ್ಯಾಪ್) ಇರುವುದರಿಂದ, ಕೂಲೆಂಟ್‌ನಲ್ಲಿ ಗ್ಲೈಕಾಲ್ ಇರುವುದರಿಂದ ಅಷ್ಟಕ್ಕೆ ಅದು ಕುದಿಯುವುದಿಲ್ಲ. ಫ್ಯಾನ್ ತಿರುಗುತ್ತಲೇ ಇದ್ದು ಗೆರೆ ಏರುತ್ತಲೇ ಹೋದರೆ, ಕೆಂಪು ದೀಪ ಬಂದರೆ, ಆಗ ಅದು ನಿಜವಾದ ಓವರ್‌ಹೀಟ್.

ನಿಮ್ಮ ಪತ್ರ ಓದಿದರೆ ನಿಮ್ಮದು ಮೊದಲನೇ ತರಹದ್ದು. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗ ಚಕ್ರಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಬಿಸಿಯಾಗಿ ಸೈಲೆನ್ಸರ್‌ನಿಂದಲೂ ರೇಡಿಯೇಟರ್‌ನಿಂದಲೂ ಹೊರಗೆ ಬರಲೇಬೇಕು. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ನಿಂತಾಗ ಫ್ಯಾನ್ ಅದನ್ನು ನೇರ ನಿಮ್ಮ ಕಾಲಿಗೆ ತಳ್ಳುತ್ತದೆ. ಇದರ ಜೊತೆಗೆ, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಜಾಸ್ತಿಯಾಗಿದೆ. ಅದು ಸುಮಾರು 300 ಡಿಗ್ರಿ ಕಾದ ಮೇಲೆಯೇ ಸರಿಯಾಗಿ ಕೆಲಸ ಶುರು ಮಾಡುವುದು, ಹಾಗಾಗಿ ಬೇಗ ಕಾಯಲಿ ಅಂತ ಅದನ್ನು ಎಂಜಿನ್‌ಗೆ ಹತ್ತಿರವೇ ಕೂರಿಸುತ್ತಾರೆ. ಎಂಜಿನ್‌ಗೆ ಹತ್ತಿರ ಅಂದರೆ ನಿಮ್ಮ ಕಾಲಿಗೂ ಹತ್ತಿರ ಅಲ್ವಾ.

ಈಗ ವ್ರ್ಯಾಪ್ ವಿಷಯ. ಒಣ ಊರುಗಳಲ್ಲಿ ಅದರಿಂದ ಕಾಲಿಗೆ ಒಂದಿಷ್ಟು ಆರಾಮ ಸಿಗಬಹುದು. ಮಲೆನಾಡಿಗೆ ಅದು ಹೇಳಿಸಿದ್ದಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ, ತೀರ್ಥಹಳ್ಳಿ, ಹೊಸನಗರದ ಕಡೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗುವುದೇ ಅಪರೂಪ. ಆ ಪಟ್ಟಿ ನೀರು ಹೀರಿಕೊಳ್ಳುತ್ತದೆ, ಮುಂದಿನ ಚಕ್ರದಿಂದ ಸಿಡಿದ ಕೆಮ್ಮಣ್ಣನ್ನೂ ಹಿಡಿದುಕೊಳ್ಳುತ್ತದೆ, ಬೈಕ್ ನಿಲ್ಲಿಸಿದ ರಾತ್ರಿಯೆಲ್ಲ ಪೈಪಿಗೆ ಒದ್ದೆ ಬಟ್ಟೆ ಸುತ್ತಿದ ಹಾಗೆಯೇ ಇರುತ್ತದೆ. ಸಾದಾ ಕಬ್ಬಿಣದ ಬೆಂಡ್ ಪೈಪಾದರೆ ಒಳಗೊಳಗೇ ತುಕ್ಕು ತಿನ್ನುತ್ತದೆ, ಪಟ್ಟಿ ಬಿಚ್ಚುವವರೆಗೆ ನಿಮಗೆ ಗೊತ್ತೂ ಆಗುವುದಿಲ್ಲ. ಇನ್ನೊಂದು ಮಾತು, ಪಟ್ಟಿ ಸುತ್ತಿದರೆ ಬಿಸಿ ಮಾಯವಾಗುವುದಿಲ್ಲ, ಪೈಪಿನೊಳಗೇ ಉಳಿದು ಮುಂದಕ್ಕೆ ಹೋಗುತ್ತದೆ. ವಾರಂಟಿ ಇರುವ ಬೈಕಿಗೆ ಈ ರಗಳೆ ಯಾಕೆ?

ಕನ್ವರ್ಟರ್ ತೆಗೆಸಿದರೆ ಆ ಜಾಗದ ಬಿಸಿ ಕಡಿಮೆಯಾಗುತ್ತದೆ, ನಿಜ. ಆದರೆ ಅದು ಕಾನೂನಿಗೆ ವಿರುದ್ಧ, ವಾರಂಟಿಗೂ ಕುತ್ತು. ಸೈಲೆನ್ಸರ್ ಬದಲಿಸಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹಾಕುವ ಪೆಟ್ರೋಲ್ ಲೆಕ್ಕವನ್ನು ಹಾಗೇ ಬಿಟ್ಟರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಇನ್ನೂ ಕಾಯುವುದೂ ಉಂಟು. ಅದಕ್ಕಿಂತ ಹೆಚ್ಚಾಗಿ, ಆ ಹೊಗೆ ಕುಡಿಯುವವರು ನಿಮ್ಮ ಹಿಂದೆ ನಿಂತಿರುವ ಸ್ಕೂಟರಿನವರು, ಅವರ ಮುಂದೆ ನಿಂತಿರುವ ಮಗು. ಇದರಲ್ಲಿ ನನ್ನದು ಗಟ್ಟಿ ಅಭಿಪ್ರಾಯ.

ಹಾಗಾದರೆ ಮಾಡುವುದೇನು? ಮೊದಲು ಬೈಕ್ ಪೂರ್ತಿ ತಣಿದ ಮೇಲೆ ಬಲಗಡೆ ಕುಕ್ಕರಗಾಲಿನಲ್ಲಿ ಕೂತು ಸೈಲೆನ್ಸರ್ ಗಾರ್ಡ್ ನೋಡಿ. ಗಾರ್ಡ್ ಮತ್ತು ಪೈಪಿನ ನಡುವೆ ಗಾಳಿ ಆಡುವಷ್ಟು ಸಂದು ಇರಬೇಕು. ಬೋಲ್ಟಿನ ಕೆಳಗೆ ಬಿಸಿ ತಡೆಯುವ ಸಣ್ಣ ವಾಷರ್ ಇರುತ್ತದೆ. ಒಂದು ಸಲ ಬಿಚ್ಚಿ ಹಾಕುವಾಗ ಅದು ಬಿದ್ದುಹೋದರೆ ಲೋಹಕ್ಕೆ ಲೋಹ ತಾಗಿ ಗಾರ್ಡ್ ಕೂಡ ಪೈಪಿನಷ್ಟೇ ಸುಡುತ್ತದೆ. ಕೆಲವು ರೂಪಾಯಿಯ ಸಾಮಾನು, ಆದರೆ ಕಾಲಿನ ಬಿಸಿಗೆ ಇದೇ ಕಾರಣವಾಗಿರುವುದು ಅಪರೂಪವಲ್ಲ. ಗಾರ್ಡ್ ಚಿಕ್ಕದು ಅನ್ನಿಸಿದರೆ ಸಂದು ಬಿಟ್ಟು ಕ್ಲಾಂಪ್ ಹಾಕುವ ಲೋಹದ ಗಾರ್ಡ್ ಇನ್ನೊಂದು ಸಿಗುತ್ತದೆ, ಹಾಕಿಸಿಕೊಳ್ಳಿ. ನೀರು ನಿಲ್ಲುವುದಿಲ್ಲ, ಬೇಕಾದಾಗ ಬಿಚ್ಚಿ ತೊಳೆಯಬಹುದು.

ಎರಡನೆಯದು ರೇಡಿಯೇಟರ್. ಮಳೆಗಾಲದ ಕೆಸರು ಅದರ ಸಣ್ಣ ಸಣ್ಣ ಫಿನ್ನುಗಳ ನಡುವೆ ಕೂತು ಬೇಸಿಗೆಗೆ ಕಲ್ಲಾಗಿರುತ್ತದೆ. ಕತ್ತಲೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ, ಬೆಳಕು ಸಮನಾಗಿ ಬರಬೇಕು. ಬಾರದ ಕಡೆ ಮಣ್ಣಿದೆ ಅಂತ ಅರ್ಥ. ತಣ್ಣಗಿರುವಾಗ ನೀರು ಹಾಕಿ ನೆನೆಸಿ, ಮೆತ್ತಗಿನ ಬ್ರಷ್ಷಿನಿಂದ ತೆಗೆಯಿರಿ. ವಾಟರ್ ಸರ್ವಿಸ್‌ನವರ ಪ್ರೆಷರ್ ಗನ್ ಹತ್ತಿರ ಹಿಡಿಸಬೇಡಿ, ಫಿನ್ ಮಡಚಿಕೊಂಡರೆ ಗಾಳಿ ಹೋಗುವ ದಾರಿಯೇ ಮುಚ್ಚಿತು. ಕೂಲೆಂಟ್ ಎಷ್ಟಿದೆ ಅಂತ ರಿಸರ್ವಾಯರ್ ಡಬ್ಬಿಯ ಎರಡು ಗೆರೆಗಳ ನಡುವೆ ನೋಡಿ. ಬಾವಿ ನೀರು, ನಲ್ಲಿ ನೀರು ಸುರಿಯಬೇಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನು ಮುಟ್ಟಲೂ ಬೇಡಿ, ಒಳಗಿನದು ಮುಖಕ್ಕೇ ಚಿಮ್ಮುತ್ತದೆ.

ಮತ್ತೆ, ಸಿಗ್ನಲ್ ಉದ್ದ ಇದ್ದರೆ ಎಂಜಿನ್ ಆಫ್ ಮಾಡಿ. ಗೇರಿನಲ್ಲಿಟ್ಟು ಹಾಫ್ ಕ್ಲಚ್‌ನಲ್ಲಿ ನಿಲ್ಲಬೇಡಿ. ತೆಳು ಟ್ರ್ಯಾಕ್ ಪ್ಯಾಂಟಿನ ಬದಲು ದಪ್ಪ ಬಟ್ಟೆಯ ಪ್ಯಾಂಟು, ಕಣಕಾಲು ಮುಚ್ಚುವ ಬೂಟು ಹಾಕಿ. ಬಿಸಿ ಅರ್ಧಕ್ಕರ್ಧ ಗೊತ್ತಾಗುವುದಿಲ್ಲ.

ಪ್ರಶ್ನೆ: ನನ್ನದು ಹಳೇ ಕಾರ್ಬುರೇಟರ್ 350, ಏರ್ ಕೂಲ್ಡ್. ಹೋದ ತಿಂಗಳು ಉಡುಪಿಯಿಂದ ವಾಪಸ್ ಬರುವಾಗ ಹೆಂಡತಿ, ಲಗೇಜು ಎಲ್ಲ ಹೇರಿಕೊಂಡು ಮಧ್ಯಾಹ್ನದ ಹೊತ್ತಿಗೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದೆವು. ಅರ್ಧ ದಾರಿಯಲ್ಲಿ ಎಳೆತ ಕಮ್ಮಿಯಾಯಿತು, ಎಂಜಿನ್ ಒಳಗೆ ಟಕಟಕ ಸದ್ದು, ಸುಟ್ಟ ಆಯಿಲ್ ವಾಸನೆ. ಸೀಜ್ ಆಗುತ್ತೇನೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡು ಬಂದೆವು. ಹೀಗ್ಯಾಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಇದು ಎಂಜಿನ್ನೇ ಸುಡುತ್ತಿರುವ ಲಕ್ಷಣ ಮಾರಾಯ್ರೇ, ತಡ ಮಾಡಬೇಡಿ. ಆ ಟಕಟಕ ಅತಿ ಬಿಸಿಯಾದ ಸಿಲಿಂಡರಿನಲ್ಲಿ ಪೆಟ್ರೋಲ್ ಮಿಶ್ರಣ ಹೊತ್ತಲ್ಲದ ಹೊತ್ತಿಗೆ ಹತ್ತಿಕೊಳ್ಳುವ ಸದ್ದು ಇರಬೇಕು. ಹಾಗೇ ಓಡಿಸುತ್ತಾ ಹೋದರೆ ಪಿಸ್ಟನ್‌ಗೆ ಏಟು.

ಏರ್ ಕೂಲ್ಡ್ ಎಂಜಿನ್‌ಗೆ ಗಾಳಿಯೇ ಆಸರೆ. ಆ 14 ತಿರುವಿನ ಘಾಟಿಯಲ್ಲಿ ಇಬ್ಬರನ್ನು ಹೊತ್ತು ಹತ್ತುವಾಗ ಎಂಜಿನ್‌ಗೆ ಶ್ರಮ ಪೂರ್ತಿ, ಸಿಗುವ ಗಾಳಿ ಸೈಕಲ್ ಸ್ಪೀಡಿನದ್ದು. ಆಗ ಎಲ್ಲರೂ ಮಾಡುವುದು ಒಂದೇ, ಎಂಜಿನ್ ಕಿರುಚದಿರಲಿ ಅಂತ ಮೇಲಿನ ಗೇರಿನಲ್ಲೇ ತಿಣುಕಾಡಿಸುವುದು. ಅದು ತಪ್ಪು. ತಿರುವು ಬರುವ ಮೊದಲೇ ಗೇರ್ ಇಳಿಸಿ, ಸ್ವಲ್ಪ ಹೆಚ್ಚು ಆರ್‌ಪಿಎಂನಲ್ಲಿ ಹಗುರವಾಗಿ ಹತ್ತಲಿ. ಆಯಿಲ್ ಪಂಪೂ ಚೆನ್ನಾಗಿ ತಿರುಗುತ್ತದೆ. ಲೆಗ್ ಗಾರ್ಡಿಗೆ ಬ್ಯಾಗು ಕಟ್ಟಿದ್ದಿರಾ? ಪತ್ರದಲ್ಲಿ ಬರೆದಿಲ್ಲ. ಕಟ್ಟಿದ್ದರೆ ಅದೇ ಸಿಲಿಂಡರಿನ ಗಾಳಿ ತಡೆದಿದೆ. ಲಗೇಜು ಹಿಂದಕ್ಕೇ ಇರಲಿ.

ಈಗ ಗ್ಯಾರೇಜಿನಲ್ಲಿ ಮೊದಲು ಪ್ಲಗ್ ಬಿಚ್ಚಿಸಿ, ನೀವೂ ಪಕ್ಕದಲ್ಲೇ ನಿಂತು ನೋಡಿ. ತುದಿ ತಿಳಿ ಕಾಫಿ ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಇ20. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಗಾಳಿ ಕಮ್ಮಿ ಸಾಕು, ಹಾಗಾಗಿ ಹಳೇ ಲೆಕ್ಕದ ಗಾಳಿ ಜಾಸ್ತಿಯಾಗುತ್ತದೆ. ಇಂಜೆಕ್ಷನ್ ಬೈಕಿನ ಸೆನ್ಸರ್ ಇದನ್ನು ಗ್ರಹಿಸಿ ಪೆಟ್ರೋಲ್ ಹೆಚ್ಚಿಸುತ್ತದೆ, ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ. ಪೆಟ್ರೋಲ್ ಬಿಡುವ ತೂತಿನ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಬೇಕಾಗಬಹುದು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೂ ಇದೇ ಕತೆ. ಹಳೇ ಬೈಕಿನಲ್ಲಿ ಅದು ಬಿರಿಯುವುದು ಮಾಮೂಲಿ, ಮಡಚಿ ನೋಡಿದರೆ ಕಾಣುತ್ತದೆ. ಹಾಗೇ ಇಗ್ನಿಷನ್ ಟೈಮಿಂಗ್, ಕೈಯಲ್ಲಿ ಸೆಟ್ ಮಾಡುವ ಟ್ಯಾಪೆಟ್ ಆದರೆ ಅದರ ಗ್ಯಾಪ್, ಹಿಂದಿನ ಬ್ರೇಕ್ ಹಿಡಿದುಕೊಂಡಿದೆಯಾ ಅಂತಲೂ ನೋಡಿಸಿ. ಸೆಂಟರ್ ಸ್ಟ್ಯಾಂಡ್ ಹಾಕಿ ಕೈಯಲ್ಲಿ ತಿರುಗಿಸಿದರೆ ಚಕ್ರ ಸಲೀಸಾಗಿ ಸುತ್ತಬೇಕು.

ಆಯಿಲ್ ಮಟ್ಟ ನೋಡದೆ ಘಾಟಿ ಹತ್ತಲೇಬೇಡಿ. ಆ ಎಂಜಿನ್‌ಗೆ ಆಯಿಲೇ ಅರ್ಧ ಕೂಲಿಂಗ್. ಗ್ರೇಡ್ ಸರ್ವಿಸ್ ಬುಕ್‌ನಲ್ಲಿ ಇರುವುದೇ ಇರಲಿ, ಡಬ್ಬಿಯ ಮೇಲೆ ಬೈಕ್ ಕ್ಲಚ್‌ಗೆ ಹೊಂದುವ ಆಯಿಲಿನ ಗುರುತು, ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು, ಕ್ಲಚ್ ಜಾರಿದರೆ ಅದೂ ಬಿಸಿಯೇ.

ದಾರಿಯಲ್ಲಿ ಮತ್ತೆ ಹೀಗಾದರೆ ರಸ್ತೆ ಅಗಲ ಇರುವ ಕಡೆ, ತಿರುವಿನಲ್ಲಿ ಅಲ್ಲ, ಪಕ್ಕಕ್ಕೆ ತಂದು ಆಫ್ ಮಾಡಿ ಅರ್ಧ ಗಂಟೆ ಸುಮ್ನೆ ಬಿಡಿ. ಝರಿ ನೀರು ತಂದು ಎಂಜಿನ್ ಮೇಲೆ ಎರಚುವವರಿದ್ದಾರೆ. ಕಾದ ಲೋಹಕ್ಕೆ ಒಮ್ಮೆಲೇ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಡಿಸ್ಕ್ ಸೊಟ್ಟಗಾಗಬಹುದು.

ಪ್ರಶ್ನೆ: ಆರು ವರ್ಷದ ಮಗಳು ಬೈಕಿನಿಂದ ಇಳಿಯುವಾಗ ಸೈಲೆನ್ಸರ್ ತಾಗಿ ಕಾಲು ಸುಟ್ಟುಕೊಂಡಳು. ಅತ್ತೆ ಕಾಫಿಪುಡಿ ಹಚ್ಚಿ ಅಂದರು, ಪಕ್ಕದ ಮನೆಯವರು ಟೂತ್‌ಪೇಸ್ಟ್ ಅಂದರು. ಯಾವುದು ಸರಿ?
– ಓದುಗಿ, ಸಾಗರ

ಉತ್ತರ: ಎರಡೂ ಬೇಡ ಅಮ್ಮ. ಬರೀ ನೀರು. ನಲ್ಲಿಯ ಕೆಳಗೋ, ಬಾವಿ ನೀರನ್ನು ಚೊಂಬಿನಿಂದ ನಿಧಾನಕ್ಕೆ ಹೊಯ್ಯುತ್ತಲೋ ಪೂರ್ತಿ 20 ನಿಮಿಷ ತಣಿಸಬೇಕು. ಐಸ್ ಇಡಬಾರದು. ಕಾಲ್ಗೆಜ್ಜೆ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆದುಬಿಡಿ. ಬಟ್ಟೆ ಕರಗಿ ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ. ಆಮೇಲೆ ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ. ಪೇಸ್ಟು, ಪುಡಿ ಹಚ್ಚಿದರೆ ಗಾಯ ಎಷ್ಟು ಆಳ ಅಂತ ಡಾಕ್ಟರಿಗೆ ಕಾಣುವುದಿಲ್ಲ, ಅದನ್ನು ತೊಳೆಯುವಾಗ ಮಗುವಿಗೆ ಇನ್ನೊಂದು ಸಲ ನೋವು.

ಬೈಕು ತಂದು ನಿಲ್ಲಿಸುವಾಗ ಸೈಲೆನ್ಸರ್ ಇರುವ ಬದಿ ಗೋಡೆ ಕಡೆಗಿರಲಿ. ಮಕ್ಕಳು ಹತ್ತುವುದೂ ಇಳಿಯುವುದೂ ಎಡಗಡೆಯಿಂದಲೇ ಅಂತ ದಿನಾ ಹೇಳಿ. ಎಂಜಿನ್ ಆಫ್ ಆದ ಎಷ್ಟೋ ಹೊತ್ತಿನ ಮೇಲೂ ಅದು ಸುಡುತ್ತದೆ, ನೋಡಿದರೆ ಮಾತ್ರ ತಣ್ಣಗಿದ್ದಂತೆಯೇ ಕಾಣುತ್ತದೆ.

ಪ್ರಶ್ನೆ: ರೇನ್‌ಕೋಟ್ ಪ್ಯಾಂಟ್ ಸೈಲೆನ್ಸರ್‌ಗೆ ಅಂಟಿ ಕರಗಿ ಕಪ್ಪಗೆ ಹತ್ತಿಕೊಂಡಿದೆ. ಓಡಿಸಿದರೆ ಕೆಟ್ಟ ವಾಸನೆ. ಹೇಗೆ ತೆಗೆಯುವುದು?
– ಓದುಗ, ಕೊಪ್ಪ

ಉತ್ತರ: ಎಂಜಿನ್ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ, ಆಫ್ ಮಾಡಿ. ಕರಗಿದ್ದು ಮೆತ್ತಗಾದಾಗ ಕೈಗವಸು ಹಾಕಿಕೊಂಡು ಮರದ ಚಕ್ಕೆಯಿಂದ ಕೆರೆಯಿರಿ, ಚಾಕು ಬೇಡ. ಪೂರ್ತಿ ತಣಿದ ಮೇಲೆ ಉಳಿದದ್ದನ್ನು ನೇಲ್ ಪಾಲಿಷ್ ರಿಮೂವರ್‌ನಿಂದ ಒರೆಸಿ, ಅದು ಬೇಗ ಬೆಂಕಿ ಹಿಡಿಯುವುದರಿಂದ ಬಿಸಿ ಪೈಪಿಗೆ ಖಂಡಿತ ಹಾಕಬಾರದು. ಮುಂದಿನ ಮಳೆಗಾಲಕ್ಕೆ ಪ್ಯಾಂಟಿನ ಕೆಳಗಿನ ಅಗಲ ಭಾಗವನ್ನು ವೆಲ್ಕ್ರೋ ಪಟ್ಟಿಯಿಂದ ಕಣಕಾಲಿಗೆ ಬಿಗಿಯಾಗಿ ಸುತ್ತಿಕೊಳ್ಳಿ.

ಪ್ರಶ್ನೆ: ಕೊಯ್ಲಿನ ಸಮಯದಲ್ಲಿ ನಮ್ಮ ಕಡೆ ರಸ್ತೆ ಮೇಲೆಯೇ ಹುಲ್ಲು ಹರಡಿರುತ್ತಾರೆ. ಬೈಕಿನಲ್ಲಿ ಅದರ ಮೇಲೆ ಹೋದರೆ ಅಪಾಯವೇ?
– ಓದುಗ, ಸೊರಬ

ಉತ್ತರ: ಅಪಾಯವೇ. ಜಾರುವುದು ಒಂದು, ಒಣಹುಲ್ಲು ಚಕ್ರದ ಜೊತೆ ಸುತ್ತಿ ಬೆಂಡ್ ಪೈಪಿಗೂ ಎಂಜಿನ್ ಕೆಳಗಿನ ಗಾರ್ಡಿಗೂ ಸಿಕ್ಕಿಕೊಂಡು ಹೊತ್ತಿಕೊಳ್ಳುವುದು ಇನ್ನೊಂದು. ಪಕ್ಕದಲ್ಲಿ ದಾರಿ ಇದ್ದರೆ ಪಕ್ಕದಲ್ಲೇ ಹೋಗಿ. ದಾಟಲೇಬೇಕಾದರೆ ನಿಧಾನಕ್ಕೆ ದಾಟಿ, ಹುಲ್ಲು ಮುಗಿದ ಕೂಡಲೇ ಖಾಲಿ ರಸ್ತೆಯಲ್ಲಿ ನಿಲ್ಲಿಸಿ ಬಗ್ಗಿ ನೋಡಿ. ಸಿಕ್ಕಿದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ, ಕೈ ಹಾಕಬೇಡಿ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಡಿನ ರಸ್ತೆ ಬದಿ ಫೋಟೋ ತೆಗೆಯಲು ನಿಲ್ಲಿಸುವವರೂ ಇದನ್ನು ಗಮನಿಸಬೇಕು: ತರಗೆಲೆ ರಾಶಿಯ ಮೇಲೆ, ಒಣ ಕರಡದ ಮೇಲೆ ಕಾದ ಬೈಕನ್ನು ಇಳಿಸಬೇಡಿ. ಡಾಂಬರಿನ ಅಂಚಿನಲ್ಲೋ, ಬರೀ ಮಣ್ಣಿರುವ ಜಾಗದಲ್ಲೋ ನಿಲ್ಲಿಸಿ.