ಆರು ವರ್ಷದ ಸಂಸದ, ಇಪ್ಪತ್ತೆಂಟು ವರ್ಷದ ಕಾವೇರಿ

‘ಸಂಸದರ ಅವಧಿ ಮೂರು ವರ್ಷಕ್ಕಿಳಿಯಲಿ, ಎರಡು ಸಲ ಗೆದ್ದವರು ಮತ್ತೆ ನಿಲ್ಲಬಾರದು’ ಎಂದು ಮದ್ದೂರಿನ ಓದುಗರೊಬ್ಬರು ಬರೆದಿದ್ದಾರೆ.

ನಿಮ್ಮ ಸಿಟ್ಟಿಗೆ ಕಾರಣವಿದೆ. ಹಳಬರು ಜಾಗ ಬಿಡದೆ, ದುಡಿದ ಕಾರ್ಯಕರ್ತರಿಗೆ ಟಿಕೆಟ್ ಸಿಗದೆಯೇ ತಲೆ ನರೆಯುತ್ತದೆ. ಅಷ್ಟು ಒಪ್ಪಿದೆ. ಆದರೆ ಮಂಡ್ಯ ಜಿಲ್ಲೆಯವರಾಗಿ ನೀವು ಕಾವೇರಿಯನ್ನೇ ಮರೆತರೆ ಹೇಗೆ? ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ, ಅಂತಿಮ ಐತೀರ್ಪು 2007ರಲ್ಲಿ. ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿದ್ದು 2018ರಲ್ಲಿ. ತಮಿಳುನಾಡು ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿಗೆ ತಿಂಗಳುವಾರು ಎಷ್ಟು ಹರಿಸಬೇಕು, ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ಅರಗುವಷ್ಟರಲ್ಲಿ ನಿಮ್ಮ ಆರು ವರ್ಷದ ಸಂಸದ ಮಾಜಿಯಾಗಿರುತ್ತಾರೆ. ಆಮೇಲೆ ಕಡತ ಬಲ್ಲವರು ಅಧಿಕಾರಿಗಳು, ವಕೀಲರು ಮಾತ್ರ.

ಅಮೆರಿಕದ ಮಿಷಿಗನ್ ರಾಜ್ಯದ ಮತದಾರರು 1992ರಲ್ಲಿ ಕೆಳಮನೆಗೆ ಇದೇ ಆರು ವರ್ಷದ ಮಿತಿ ಹಾಕಿದರು. 2022ರಲ್ಲಿ ಅವರೇ ಅದನ್ನು ತಿದ್ದಿ, ಎರಡೂ ಮನೆ ಸೇರಿ 12 ವರ್ಷ ಮಾಡಿಕೊಂಡರು. ಫಿಲಿಪೈನ್ಸ್‌ನಲ್ಲಿ ಕೆಳಮನೆ ಸದಸ್ಯರಿಗೆ ಸತತ ಮೂರು ಅವಧಿ, ಒಟ್ಟು ಒಂಬತ್ತು ವರ್ಷ. ಅದು ಮುಗಿದರೆ ಹೆಂಡತಿಯೋ ಮಗನೋ ನಿಲ್ಲುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಹಾಗಾಗದು ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ?

ಮೈಸೂರು ಪಾಲಿಕೆಯಲ್ಲಿ ವರ್ಷಕ್ಕೊಬ್ಬ ಮೇಯರ್ ಬಂದು ಹೋದದ್ದನ್ನು ನೋಡಿದ್ದೇವೆ. ಸನ್ಮಾನ, ಸ್ಥಾಯಿ ಸಮಿತಿ ಹಂಚಿಕೆ ಮುಗಿದು, ಬಜೆಟ್ ಒಪ್ಪಿಗೆಯಾಗಿ, ಟೆಂಡರ್ ತೆರೆದು ಕಾರ್ಯಾದೇಶ ಹೊರಡುವ ಹೊತ್ತಿಗೆ ಕುರ್ಚಿ ಇನ್ನೊಬ್ಬರದು. ಒಳಚರಂಡಿ ಕೊಳವೆ ಎಲ್ಲಿ ತಿರುಗಿದೆ ಎಂಬುದು ಎಂಜಿನಿಯರಿಗಷ್ಟೇ ಗೊತ್ತು. ಅವರು ಬರೆದ ಅಂದಾಜುಪಟ್ಟಿಯನ್ನು ಪ್ರಶ್ನಿಸುವವರೇ ಇರುವುದಿಲ್ಲ.

ದೆಹಲಿಯ ರೋಗವೂ ಇದೇ. ಸಂಸತ್ತಿನ 24 ಇಲಾಖಾ ಸ್ಥಾಯಿ ಸಮಿತಿಗಳಲ್ಲಿ ತಲಾ 31 ಮಂದಿ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವಾಲಯಗಳ ಅನುದಾನ ಬೇಡಿಕೆಯನ್ನು ಸಾಲುಸಾಲಾಗಿ ಬಿಡಿಸಿ ನೋಡುವ ಜಾಗ ಅದು. ಅಲ್ಲೂ ನಡೆದುಬಂದದ್ದು ಒಂದೇ ವರ್ಷದ ಅವಧಿ. ಜಲಸಂಪನ್ಮೂಲದ ಲೆಕ್ಕ ಕೈಗೆ ಹತ್ತುವಾಗ ಸದಸ್ಯರನ್ನು ಬೇರೆ ಸಮಿತಿಗೆ ಕಳಿಸಿದರೆ ಪ್ರಶ್ನೆ ಕೇಳುವವರು ಯಾರು? ಬೇಕಾದ್ದು ಇಲ್ಲಿ ಐದು ವರ್ಷದ ನೆಲೆ.

ಲೋಕಸಭೆಯ ಅವಧಿ ಬದಲಿಸಲು ಸಂವಿಧಾನದ 83ನೇ ವಿಧಿಯನ್ನೇ ತಿದ್ದಬೇಕು. 1976ರಲ್ಲಿ ಅದನ್ನು ಆರು ವರ್ಷ ಮಾಡಿ, 1978ರ 44ನೇ ತಿದ್ದುಪಡಿಯಲ್ಲಿ ಐದಕ್ಕೆ ತಂದದ್ದಾಯಿತು. ಸಮಿತಿಗಳ ಅವಧಿಗೆ ಸದನದ ನಿಯಮ ತಿದ್ದಿದರೆ ಸಾಕು. ಇದಕ್ಕಾಗಿ ಯಾವ ಪಕ್ಷವೂ ಬೀದಿಗಿಳಿದಿಲ್ಲ. ನಾವು ಪತ್ರಿಕೆಯವರೂ ಹಾರ ಹಾಕಿದವರ ಪಟ್ಟಿಗೆ ಕೊಟ್ಟ ಜಾಗವನ್ನು ಸಮಿತಿಯ ವರದಿಗೆ ಕೊಡುವುದಿಲ್ಲ.

ನಿಮ್ಮ ಸಂಸದರು ಯಾವ ಸಮಿತಿಯಲ್ಲಿದ್ದಾರೆ, ಎಷ್ಟು ಸಭೆಗೆ ಹೋಗಿದ್ದಾರೆ ಎಂದು ಅವರನ್ನೇ ಕೇಳಿ ಬರೆಯಿರಿ. ಉತ್ತರವನ್ನು ಇದೇ ಪುಟದಲ್ಲಿ ಹಾಕುತ್ತೇವೆ.