ಹುಲ್ಲು ಕೊಯ್ದಿದ್ದೂ ಬೆಳೆಯೇ?

ಪ್ರಶ್ನೆ: ಅಮೆರಿಕದ ದಕ್ಷಿಣ ಇಲಿನಾಯ್‌ನಲ್ಲಿ 2016ರಲ್ಲಿ ಜಮೀನು ಕೊಂಡು, ಪಕ್ಕದ ರೈತರಿಗೆ ಗುತ್ತಿಗೆ ಕೊಟ್ಟೆವು. ಆರು ವರ್ಷ ಅವರು ಹುಲ್ಲು ಬೆಳೆದು, ಕೊಯ್ದು, ಬೇಲ್ (ಒಣಹುಲ್ಲಿನ ಬಿಗಿ ಕಟ್ಟು) ಕಟ್ಟಿ ಮಾರಿದರು. ಆಮೇಲೆ ಎರಡು ವರ್ಷ ದನ ಮೇಯಿಸಿದರು. 2024ರ ಜನವರಿಯಲ್ಲಿ ಕಲ್ಲಿದ್ದಲಿನ ತೆರೆದ ಗಣಿಗೆ ಲೀಸ್ ಬರೆದುಕೊಟ್ಟೆವು. 'ಇದು ಬರೀ ಹುಲ್ಲುಗಾವಲು, ಇಳಿಜಾರು ಬೇರೆ. ಪ್ರೈಮ್ ಫಾರ್ಮ್‌ಲ್ಯಾಂಡ್ (ಉತ್ತಮ ದರ್ಜೆಯ ಬೇಸಾಯದ ಜಮೀನು) ಅಲ್ಲ' ಎನ್ನುತ್ತಾರೆ ಕಂಪನಿಯವರು. ನಿಜವೇ?

ಉತ್ತರ: ಅಷ್ಟು ಬೇಗ ಒಪ್ಪಿಕೊಳ್ಳಬೇಡಿ. ಕಲ್ಲಿದ್ದಲಿನ ತೆರೆದ ಗಣಿಗಳಿಗಾಗಿ 1977ರಲ್ಲಿ ಬಂದ ಅಮೆರಿಕದ ಕಾಯ್ದೆಯ ಪ್ರಕಾರ ಇಲ್ಲಿ ನೋಡುವುದು ಎರಡು: ಮಣ್ಣು ಹೇಗಿದೆ, ಅದರಲ್ಲಿ ಬೆಳೆ ತೆಗೆದಿದ್ದಾರಾ. ಎರಡೂ ಇರಬೇಕು.

ಮೊದಲು ಬೆಳೆಯ ವಿಚಾರ. ಗಣಿಗಾಗಿ ಜಮೀನು ಕೈಬದಲಾದ ದಿನದಿಂದ ಹಿಂದಕ್ಕೆ ಹತ್ತು ವರ್ಷ ಎಣಿಸಬೇಕು. ಲೀಸ್ ಕೂಡ ಇದಕ್ಕೆ ಲೆಕ್ಕ. ಆ ಹತ್ತರಲ್ಲಿ ಯಾವುದಾದರೂ ಐದು ವರ್ಷ ಬೆಳೆ ಇದ್ದರೆ ಸಾಕು, ಸತತವಾಗಿ ಇರಬೇಕಿಲ್ಲ. ನಿಮ್ಮ ಲೆಕ್ಕ 2014ರಿಂದ 2023ರವರೆಗೆ. ಅಂದರೆ ಹಳೇ ಮಾಲೀಕರ ಎರಡು ವರ್ಷವೂ ಅದರೊಳಗೆ ಬರುತ್ತದೆ.

ಕಂಪನಿಯವರು ಜಾಣತನದಿಂದ ಜಾರಿಕೊಂಡಿದ್ದು 'ಹುಲ್ಲು' ಎಂಬ ಮಾತಿನಲ್ಲಿ. ಕೊಯ್ದು ಬೇಲ್ ಕಟ್ಟುವ ಹುಲ್ಲನ್ನು ನಿಯಮ ಬೆಳೆ ಅಂತಲೇ ಹೆಸರಿಸಿ ಹೇಳುತ್ತದೆ. ದನ ಬಿಟ್ಟು ಮೇಯಿಸಿದ್ದು ಮಾತ್ರ ಬೆಳೆಯಲ್ಲ. ಹಾಗಾಗಿ ನಿಮಗೆ ಕೈತಪ್ಪುವುದು ಕೊನೆಯ ಎರಡೇ ವರ್ಷ. ಬೇಲ್ ತೆಗೆದ ಆರು ವರ್ಷದಲ್ಲೇ ಈ ಪರೀಕ್ಷೆ ಪಾಸಾಯಿತು, ಅಲ್ವಾ?

ಇನ್ನು ಮಣ್ಣು. ಊರಿನ ಎರೆಹೊಲ ನೋಡಿ ಬೆಳೆದ ಕಣ್ಣಿಗೆ ಇಲ್ಲಿನ ಬಿಳಿಚು ಮಣ್ಣು ಸಪ್ಪೆ ಅನಿಸಬಹುದು. ಬಣ್ಣ ಇಲ್ಲಿ ಲೆಕ್ಕಕ್ಕಿಲ್ಲ. ಅಮೆರಿಕದ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ (ಮಣ್ಣು-ನೀರು ಸಂರಕ್ಷಣೆಯ ಸಂಸ್ಥೆ) ಮಾಡಿದ ಮಣ್ಣಿನ ಸಮೀಕ್ಷೆಯೇ ಆಧಾರ. 'ವೆಬ್ ಸಾಯಿಲ್ ಸರ್ವೆ' ತಾಣದಲ್ಲಿ ನಿಮ್ಮ ಜಮೀನಿನ ಸುತ್ತ ಗೆರೆ ಎಳೆದರೆ ಯಾವ ತುಂಡು ಯಾವ ದರ್ಜೆ ಅಂತ ಪುಕ್ಕಟೆ ಗೊತ್ತಾಗುತ್ತದೆ. ಕೆಲವು ಕಡೆ 'ಬಸಿಗಾಲುವೆ ಇದ್ದರೆ ಪ್ರೈಮ್' ಅಂತ ಬರುತ್ತದೆ. ಹಾಗಿದ್ದರೆ ನೆಲದಡಿ ಬಸಿಪೈಪು ಹಾಕಿಸಿದ್ದಾರಾ ಅಂತ ಹಳಬರನ್ನು ಕೇಳಿ.

ಇಳಿಜಾರಿಗೂ ಒಂದು ಸರಳ ಗುಣಾಕಾರ ಇದೆ. ಮಣ್ಣು ಕೊಚ್ಚಿಹೋಗುವ ಗುಣಕ್ಕೆ 'ಕೆ' ಅನ್ನುವ ಅಂಕಿ ಕೊಟ್ಟಿರುತ್ತಾರೆ. ಅದನ್ನು ಇಳಿಜಾರಿನ ಶೇಕಡಾವಾರಿನಿಂದ ಗುಣಿಸಿದರೆ 2ಕ್ಕಿಂತ ಕಡಿಮೆ ಬರಬೇಕು. ಕೆ 0.37 ಇದ್ದು ಇಳಿಜಾರು ಶೇ 5 ಆದರೆ 1.85, ಪಾಸು. ಶೇ 6 ಆದರೆ 2.22, ಫೇಲು. ಒಂದೇ ಹೊಲದ ಮೇಲ್ಭಾಗ ಪ್ರೈಮ್ ಆಗಿ, ಅಂಚು ಆಗದೇ ಇರಬಹುದು. ಕಲ್ಲಿನ ಬಗ್ಗೆ ಜಾಸ್ತಿ ಚಿಂತೆ ಬೇಡ. ಮೂರು ಇಂಚಿಗಿಂತ ದಪ್ಪ ಕಲ್ಲು ಮೇಲ್ಪದರದ ಶೇ 10ರಷ್ಟು ಇದ್ದರೆ ಮಾತ್ರ ತೊಂದರೆ.

ಕಂಪನಿಗೆ 'ಅಲ್ಲ' ಅನ್ನುವ ಆಸೆ ಸುಮ್ನೆ ಬಂದದ್ದಲ್ಲ. ಪ್ರೈಮ್ ಅಂತಾದರೆ ಮೇಲ್ಮಣ್ಣು, ಕೆಳಮಣ್ಣು ಬೇರೆ ಬೇರೆ ತೆಗೆದಿಡಬೇಕು. ಗಣಿ ಮುಗಿದ ಮೇಲೆ ಸಾಮಾನ್ಯವಾಗಿ 48 ಇಂಚು ಆಳದ ಮಣ್ಣನ್ನು ಮತ್ತೆ ಕಟ್ಟಿಕೊಡಬೇಕು. ಕನಿಷ್ಠ ಮೂರು ವರ್ಷ ಬೆಳೆ ತೆಗೆದು, ಸುತ್ತಲಿನ ಅಂಥದೇ ಜಮೀನಿನ ಇಳುವರಿಗೆ ಸಮ ಬಂತು ಅಂತ ತೋರಿಸಬೇಕು.

ತೀರ್ಮಾನ ಕಂಪನಿಯದಲ್ಲ, ಎನ್‌ಆರ್‌ಸಿಎಸ್ ಜತೆ ಮಾತಾಡಿ ರಾಜ್ಯದ ಗಣಿ ಪ್ರಾಧಿಕಾರ ಮಾಡುತ್ತದೆ. ಪಕ್ಕದ ರೈತರ ಹತ್ತಿರ ಬೇಲ್ ಮಾರಿದ ರಸೀದಿ ಇದೆಯಾ, ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಗೆ ಬೆಳೆ ವರದಿ ಕೊಟ್ಟಿದ್ದರಾ ಅಂತ ಈ ವಾರವೇ ಕೇಳಿಟ್ಟುಕೊಳ್ಳಿ.