ಹೌದು, ಫಾರಾ ವಿಲಿಯಮ್ಸ್ ಕಥೆ ನಿಜ

ಮನೆಯೇ ಇಲ್ಲದ ಹುಡುಗಿ ಇಂಗ್ಲೆಂಡ್ ಮಹಿಳಾ ಫುಟ್‌ಬಾಲ್ ತಂಡಕ್ಕೆ ಆಡಿದ್ದು ನಿಜವಾ, ಇಲ್ಲ ಸುಮ್ನೆ ಕಟ್ಟಿದ ಕಥೆಯಾ ಅಂತ ಕೇಳಿದ್ದೀರಿ. ನಿಜ. ಫಾರಾ ವಿಲಿಯಮ್ಸ್ ಅವರೇ ಇದನ್ನು ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಹದಿಹರೆಯದಲ್ಲಿ ಮನೆಯಲ್ಲಿ ಜಗಳವಾಗಿ ಹೊರಬಿದ್ದರು. ಆಮೇಲೆ ವರ್ಷಗಟ್ಟಲೆ ನಿರ್ಗತಿಕರ ಹಾಸ್ಟೆಲ್‌ಗಳಲ್ಲೇ ವಾಸ. 2001ರಲ್ಲಿ, 17ರ ವಯಸ್ಸಿಗೇ ಇಂಗ್ಲೆಂಡ್ ಜೆರ್ಸಿ ತೊಟ್ಟಿದ್ದರು. ಅಂದ್ರೆ ದೇಶಕ್ಕೆ ಆಡಿ ವಾಪಸ್ ಹಾಸ್ಟೆಲ್‌ಗೇ ಹೋಗಬೇಕು! ಆಗ ಮಹಿಳಾ ಫುಟ್‌ಬಾಲ್‌ನಲ್ಲಿ ಹೊಟ್ಟೆ ತುಂಬುವಷ್ಟು ದುಡ್ಡೂ ಇರಲಿಲ್ಲ. 2004ರಲ್ಲಿ ಎವರ್ಟನ್ ಸೇರಿದ ಮೇಲೆ ಕೋಚ್ ಮೋ ಮಾರ್ಲಿ ನೆರವಾದರು, ಕ್ಲಬ್ಬಿನಲ್ಲೇ ತರಬೇತಿ ಕೊಡುವ ಕೆಲಸ ಸಿಕ್ಕಿತು. ಬದುಕು ಒಂದು ದಾರಿಗೆ ಬಂತು.

ಲಿವರ್‌ಪೂಲ್ ಜೊತೆ 2013, 2014ರಲ್ಲಿ ಲೀಗ್ ಗೆದ್ದರು. ಆರ್ಸೆನಲ್, ರೆಡಿಂಗ್‌ಗೂ ಆಡಿದರು. 2021ರಲ್ಲಿ ನಿವೃತ್ತಿ. ದೇಶಕ್ಕೆ 172 ಪಂದ್ಯ, 40 ಗೋಲು. ಮೈದಾನದ ನಡುಭಾಗದಲ್ಲಿ ಆಡುವ ಮಿಡ್‌ಫೀಲ್ಡರ್‌ಗೆ ಇದು ಜಾಸ್ತಿನೇ ಅಲ್ವಾ?

ಒಂದೇ ಪಂದ್ಯ ನೋಡುವುದಾದರೆ, 2015ರ ವಿಶ್ವಕಪ್‌ನ ಮೂರನೇ ಸ್ಥಾನದ ಪಂದ್ಯ ನೋಡಿ. ಕೆನಡಾದ ಎಡ್ಮಂಟನ್, ಎದುರಾಳಿ ಜರ್ಮನಿ. ಇಂಗ್ಲೆಂಡ್ ಮಹಿಳೆಯರು ಅಲ್ಲಿಯವರೆಗೆ ಜರ್ಮನಿಯನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಹೆಚ್ಚುವರಿ ಸಮಯದಲ್ಲಿ, 108ನೇ ನಿಮಿಷಕ್ಕೆ ಪೆನಾಲ್ಟಿ. ಚೆಂಡು ಇಟ್ಟವರು ಫಾರಾ. ಗೋಲು, 1-0. ಅದಕ್ಕೆ ಮೂರು ದಿನ ಮೊದಲು ಜಪಾನ್ ವಿರುದ್ಧ ಸೆಮಿಫೈನಲ್‌ನಲ್ಲೂ ಅವರು ಪೆನಾಲ್ಟಿ ಹೊಡೆದಿದ್ದರು. ಪಾಪ, ಆ ಪಂದ್ಯ ಮಾತ್ರ ಕೊನೇ ಗಳಿಗೆಯಲ್ಲಿ ಕೈತಪ್ಪಿತು.